ಜೇಡರಹುಳುವಿನ ನೀರಿನ ಜಮಾಖರ್ಚು



ವಾಚನಾಲಯದ ಕಪಾಟುಗಳ ಹಿಂದಿನ ಧೂಳು ತೆಗೆಯುವ ಕೆಲಸ ವರ್ಷಕ್ಕೆ ಎರಡು ಸಲ ಸ್ವಯಂಸೇವಕರ ಪಾಲಿಗೆ ಬರುತ್ತದೆ. ಕಳೆದ ಸಲ ಹಾಗೆ ಬಲೆ ಗುಡಿಸುತ್ತಿದ್ದಾಗ ಸಂಘದ ಹಿರಿಯರೊಬ್ಬರು ಕುರ್ಚಿಯಲ್ಲಿ ಕುಳಿತೇ ಒಂದು ಪ್ರಶ್ನೆ ಹಾಕಿದರು: "ಅಲ್ಲಪ್ಪಾ, ತಿಂಗಳುಗಟ್ಟಲೆ ಈ ಮೂಲೆಯಲ್ಲೇ ಕೂತಿರುತ್ತೆ ಇದು. ಸೊಳ್ಳೆನೋ ನೊಣಾನೋ ಸಿಕ್ಕೀತು, ಸರಿ. ನೀರು ಎಲ್ಲಿಂದ ತರುತ್ತೆ?" ಅಲ್ಲಿದ್ದ ಯಾರಿಗೂ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿದ್ದರಲ್ಲಿ ತಿಳಿದಷ್ಟನ್ನು ಈ ಪಾಠದಲ್ಲಿ ಇಟ್ಟಿದ್ದೇನೆ. ನಾನು ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವನು, ಪ್ರಾಣಿಶಾಸ್ತ್ರದ ಪಂಡಿತನಲ್ಲ. ಆದರೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬೇರೆ ಬೇರೆ ಮಾಡಿ ಬರೆಯುವುದು ನನ್ನ ನಿತ್ಯದ ಕೆಲಸ. ಜೇಡದ ನೀರಿನ ವಿಷಯವನ್ನೂ ಹಾಗೆಯೇ ಬರೆದರೆ ಬೇಗ ಮನಸ್ಸಿಗೆ ಹತ್ತೀತೆಂದು ಕಂಡಿತು.

ಮೊದಲು ಹೆಸರು. ಹಿಂದಿನ ಕನ್ನಡದಲ್ಲಿ ಜೇಡ ಎಂದರೆ ನೇಕಾರ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಮಾತು. ನೇಯ್ಗೆ ಅವನ ಕಾಯಕ. ಮಗ್ಗದ ಮುಂದೆ ಕೂರುವವನಿಗೂ ಮೂಲೆಯಲ್ಲಿ ಬಲೆ ಹಾಕುವ ಜೀವಕ್ಕೂ ಕನ್ನಡದಲ್ಲಿ ಒಂದೇ ಹೆಸರಿದೆ ಎಂಬುದನ್ನು ನೂಲಿನ ಉದ್ಯೋಗದಲ್ಲಿರುವ ನಮ್ಮಂಥವರು ತಿಳಿದಿರಬೇಕು. ಹುಳು ಎಂದು ನಾವು ಕರೆದರೂ ಇದು ನೊಣ, ಜಿರಳೆಗಳ ಕುಲಕ್ಕೆ ಸೇರಿದ್ದಲ್ಲ. ಅವಕ್ಕೆ ಕಾಲು 6, ಇದಕ್ಕೆ 8. ಚೇಳು ಮತ್ತು ದನದ ಮೈಗೆ ಹತ್ತುವ ಉಣ್ಣಿ ಇದರ ದಾಯಾದಿಗಳು. ಶಾಸ್ತ್ರಜ್ಞರು ಹೆಸರಿಟ್ಟು ಪಟ್ಟಿಗೆ ಸೇರಿಸಿದ ಜೇಡದ ಜಾತಿಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಬಲೆ ನೇಯುವವು ಉಂಟು, ನೇಯದೆ ಅಟ್ಟಿಸಿಕೊಂಡು ಬೇಟೆಯಾಡುವವು ಉಂಟು, ನೆಲದಲ್ಲಿ ಬಿಲ ತೋಡಿ ಬಾಗಿಲಲ್ಲಿ ಕಾಯುವವೂ ಉಂಟು. ಆದುದರಿಂದ ಮುಂದೆ ಹೇಳುವುದೆಲ್ಲ ಪ್ರತಿಯೊಂದು ಜೇಡಕ್ಕೂ ಹೊಂದುತ್ತದೆಂದು ತಿಳಿಯಬಾರದು.

ಇನ್ನು, ಅಷ್ಟು ಸಣ್ಣ ಜೀವಕ್ಕೆ ನೀರು ಏತಕ್ಕೆ ಅಷ್ಟೊಂದು ಮುಖ್ಯ? ಬಾಯಾರಿಕೆ ಎಲ್ಲ ಪ್ರಾಣಿಗಳಿಗೂ ಉಂಟು. ಜೇಡಕ್ಕೆ ಇನ್ನೊಂದು ಕಾರಣವೂ ಇದೆ: ಅದು ನಡೆಯುವುದೇ ನೀರಿನ ಬಲದಿಂದ. ನಮ್ಮ ಮೊಣಕಾಲನ್ನು ಮಡಿಸಲು ಒಂದು ಸ್ನಾಯು, ಚಾಚಲು ಇನ್ನೊಂದು ಸ್ನಾಯು ಇರುತ್ತವೆ. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯು ಮಾತ್ರ ಇದೆ. ಚಾಚುವ ಸ್ನಾಯುವೇ ಇಲ್ಲ. ಹಾಗಾದರೆ ಕಾಲು ಚಾಚುವುದು ಹೇಗೆ? ಬೆಂಕಿ ಆರಿಸುವವರ ಕ್ಯಾನ್ವಾಸ್ ಕೊಳವೆಯನ್ನು ನೀವು ನೋಡಿರಬಹುದು. ಖಾಲಿಯಿದ್ದಾಗ ಅದು ಹಳೆಯ ಚೀಲದಂತೆ ಸುರುಳಿಯಾಗಿ ಬಿದ್ದಿರುತ್ತದೆ. ನೀರು ಬಿಟ್ಟೊಡನೆ ಸೆಟೆದು ನೆಟ್ಟಗಾಗುತ್ತದೆ. ಜೇಡವೂ ಹೀಗೆಯೇ ಎದೆಯ ಭಾಗದ ಸ್ನಾಯುಗಳನ್ನು ಬಿಗಿಹಿಡಿದು ತನ್ನ ಮೈಯೊಳಗಿನ ರಕ್ತವನ್ನು ಕಾಲುಗಳಿಗೆ ಒತ್ತುತ್ತದೆ, ಕಾಲು ಚಾಚುತ್ತದೆ. ಪ್ಯಾರಿ ಮತ್ತು ಬ್ರೌನ್ ಎಂಬಿಬ್ಬರು ಇಂಗ್ಲಿಷ್ ವಿಜ್ಞಾನಿಗಳು ಈ ಏರ್ಪಾಟನ್ನು ಅಳೆದು 1959ರಲ್ಲಿ ಪ್ರಕಟಿಸಿದರು. ಗೋಡೆಯ ಮೇಲೆ ಬೆಕ್ಕಿನಂತೆ ಹೊಂಚಿ ನೆಗೆಯುವ ಪುಟ್ಟ ಜೇಡದ ನೆಗೆತವೂ ಇದೇ ಒತ್ತಡದ ಕೆಲಸ ಎಂದು ಅವರೇ ತೋರಿಸಿದರು.

ಸತ್ತ ಜೇಡ ಎಂಟು ಕಾಲನ್ನೂ ಹೊಟ್ಟೆಯ ಕೆಳಗೆ ಮುದುರಿಕೊಂಡು ಬಿದ್ದಿರುವುದನ್ನು ಎಲ್ಲರೂ ಕಂಡಿದ್ದೇವೆ. ಒತ್ತುವ ಶಕ್ತಿ ಹೋಯಿತು, ಮಡಿಸುವ ಸ್ನಾಯುಗಳ ಬಿಗಿತವೊಂದೇ ಉಳಿಯಿತು; ಅದರ ಗುರುತು ಅದು. ಮೈಯ ನೀರು ಬಹಳ ಕಡಮೆಯಾದ ಜೇಡಕ್ಕೆ ಜೀವವಿರುವಾಗಲೇ ಈ ಸ್ಥಿತಿ ಬರತೊಡಗುತ್ತದೆ: ಕಾಲು ತಡವರಿಸುತ್ತದೆ, ಮುದುರುತ್ತದೆ, ಎದುರಿಗೆ ಬೇಟೆಯಿದ್ದರೂ ಹೋಗಿ ಹಿಡಿಯಲಾರದು. ಊಟವಿಲ್ಲದೆ ಜೇಡಗಳು ವಾರಗಟ್ಟಲೆ, ದೊಡ್ಡ ಜಾತಿಯವು ತಿಂಗಳುಗಟ್ಟಲೆ ಇರಬಲ್ಲವು. ನೀರಿಲ್ಲದೆ ಅಷ್ಟು ಕಾಲ ಇರಲಾರವು.

ಈಗ ಜಮೆಯ ಕಡೆ ಬರೋಣ. ಅನೇಕ ಜೇಡಗಳಿಗೆ ದೊಡ್ಡ ಬಾಬತ್ತು ಊಟದ ಜೊತೆಗೇ ಬರುವ ನೀರು. ಕೀಟದ ಮೈಯಲ್ಲಿ ನೂರಕ್ಕೆ ಸುಮಾರು 60ರಿಂದ 80 ಪಾಲು ನೀರೇ ಇರುತ್ತದೆ. ಜೇಡಕ್ಕೆ ಅಗಿದು ನುಂಗುವ ಬಾಯಿಲ್ಲ. ಅದು ಬೇಟೆಗೆ ವಿಷದ ಕೊಂಡಿ ಚುಚ್ಚಿ, ಮೇಲೆ ತನ್ನ ಜೀರ್ಣರಸ ಸುರಿದು, ಕೀಟದ ಒಳಗಿನ ಮಾಂಸವೆಲ್ಲ ಗಂಜಿಯಾಗುವವರೆಗೆ ಕಾಯುತ್ತದೆ. ಬಳಿಕ ಆ ಗಂಜಿಯನ್ನು ಹೀರುತ್ತದೆ. ಹೀರುವುದಕ್ಕೆಂದೇ ಅದರ ಎದೆಯ ಭಾಗದಲ್ಲಿ ಪಂಪಿನಂತೆ ಹಿಗ್ಗಿ ಕುಗ್ಗುವ ಒಂದು ಜಠರವಿದೆ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿರಿ. ಬರುವ ಮೊದಲು ಕೊಡಬೇಕು. ತನ್ನ ಮೈಯ ನೀರನ್ನೇ ರಸವಾಗಿ ಮುಂಗಡ ಹಾಕಬೇಕು. ಹಾಕಿದ್ದು ಕೀಟದ ನೀರಿನೊಡನೆ ಸೇರಿ ಬಡ್ಡಿಸಹಿತ ವಾಪಸಾಗುತ್ತದೆ. ಬಲೆಯ ಕೆಳಗೆ ನೆಲದ ಮೇಲೆ ಬಿದ್ದಿರುವ ಸೊಳ್ಳೆ ನೊಣಗಳ ಸಿಪ್ಪೆಯನ್ನು ಬೆರಳಿನಿಂದ ಒತ್ತಿ ನೋಡಿರಿ, ಒಣಗಿದ ಈರುಳ್ಳಿಸಿಪ್ಪೆಯಂತೆ ಪುಡಿಯಾಗುತ್ತದೆ. ಒಂದು ತೊಟ್ಟೂ ಬಿಟ್ಟಿರುವುದಿಲ್ಲ.

ಆದರೆ ಬೇಟೆಯೊಂದನ್ನೇ ನಂಬಿ ಕೂರುವಂತಿಲ್ಲ. ಬೇಟೆ ಸಿಕ್ಕದ ದಿನಗಳೇ ಹೆಚ್ಚು. ಆದಕಾರಣ ಜೇಡ ನೀರನ್ನು ನೀರಾಗಿಯೇ ಕುಡಿಯುವುದೂ ಉಂಟು. ಎಲೆಯ ಮೇಲಿನ ಇಬ್ಬನಿ, ಮಳೆಯ ಹನಿ, ಗೋಡೆಯ ಬೆವರು, ನಲ್ಲಿಯ ಬುಡದ ತೇವ, ಇವೆಲ್ಲ ಅದರ ಬಾವಿಗಳು. ಹನಿಯ ಬಳಿಗೆ ಬಂದು, ಮೈ ತಗ್ಗಿಸಿ, ಬಾಯನ್ನು ಹನಿಗೆ ತಗಲಿಸಿ, ಅಲುಗಾಡದೆ ನಿಲ್ಲುತ್ತದೆ. ನೋಡುವವರಿಗೆ ಅದು ಏನೂ ಮಾಡದೆ ನಿಂತಂತೆಯೇ ಕಾಣುತ್ತದೆ. ಬಾಯಿಯ ಸುತ್ತ ಇರುವ ನವುರು ಕೂದಲು ಧೂಳುಕಣಗಳನ್ನು ಸೋಸಿಬಿಡುತ್ತವೆ. ಬಚ್ಚಲಿನ ಮೂಲೆಯಲ್ಲಿ, ನೀರಿನ ಮಡಕೆಯ ಹಿಂದೆ ತೆಳ್ಳನೆಯ ಉದ್ದ ಕಾಲಿನ ಜೇಡಗಳು ಹೆಚ್ಚಾಗಿ ಇರುವುದೇಕೆಂದರೆ ಅಲ್ಲಿ ತೇವವೂ ಇದೆ, ತೇವಕ್ಕೆ ಬರುವ ಹುಳುಗಳೂ ಇವೆ. ತೀರ ಸಣ್ಣ ಜಾತಿಯವಕ್ಕೆ ಕುಡಿಯುವುದೂ ಅಪಾಯದ ಕೆಲಸವೇ. ನಮಗೆ ಹನಿಯಾದದ್ದು ಅವಕ್ಕೆ ಕೆರೆ. ಹನಿಗೆ ಮೈ ಅಂಟಿಕೊಂಡರೆ ಬಿಡಿಸಿಕೊಂಡು ಬರುವುದು ಕಷ್ಟ.

ಹನಿಯೇ ಕಾಣದ ಜಾಗದಲ್ಲಿ? ಹೊಲದಲ್ಲಿ ಓಡಾಡಿ ಬೇಟೆಯಾಡುವ ಜೇಡಗಳನ್ನು ತೋಳಜೇಡಗಳೆಂದು ಕರೆಯುತ್ತಾರೆ. ಬೆನ್ನಿನ ಮೇಲೆ ಮರಿಗಳ ರಾಶಿ ಹೊತ್ತು ತಿರುಗುವ ತಾಯಿಜೇಡವನ್ನು ಊರಿನಲ್ಲಿ ಕಂಡವರಿಗೆ ಈ ಜಾತಿಯ ನೆನಪಾದೀತು. ಅದೇ ಪ್ಯಾರಿ 1954ರಲ್ಲಿ ಇಂಥ ಒಂದು ಜೇಡವನ್ನು ತೇವದ ಮಣ್ಣಿನ ಮೇಲಿಟ್ಟು ಪರೀಕ್ಷಿಸಿದನು. ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ನೀರನ್ನೂ ಜೇಡ ಬಾಯಿಟ್ಟು ಸೆಳೆದುಕೊಳ್ಳಬಲ್ಲದೆಂದು ಗೊತ್ತಾಯಿತು. ಮಳೆ ನಿಂತು ಕೆಲವು ದಿನಗಳಾದ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ನಮಗೆ ತಣ್ಣಗೆನಿಸಬಹುದೇ ಹೊರತು ಒಂದು ತೊಟ್ಟು ನೀರು ಬರುವುದಿಲ್ಲ. ಕಣಗಳು ಬಿಗಿಯಾಗಿ ಹಿಡಿದಿಟ್ಟ ಅಂಥ ನೀರನ್ನು ಬಿಡಿಸಿಕೊಳ್ಳಲು ಒಳ್ಳೆಯ ಎಳೆತ ಬೇಕು. ಗಂಜಿ ಹೀರುವ ಆ ಜಠರದ ಪಂಪೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯವೆನಿಸಿದ ಬಾಬತ್ತು, ನೂಲಿನ ಮೂಲಕ ಬರುವ ನೀರು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ತೋಟದಲ್ಲಿ ಬಂಡಿಯ ಗಾಲಿಯಂತೆ ದುಂಡಗೆ ಬಲೆ ಹಾಕುವ ಜೇಡವನ್ನು ತೆಗೆದುಕೊಳ್ಳಿರಿ. ಗಾಲಿಯ ಅರಗಳಂತೆ ನಡುವಿನಿಂದ ಹೊರಕ್ಕೆ ಹೋಗುವ ಎಳೆಗಳು ಒಣನೂಲು, ಅವಕ್ಕೆ ಅಂಟಿಲ್ಲ. ಅವುಗಳ ಮೇಲೆ ಸುತ್ತು ಸುತ್ತಾಗಿ ಹಾಯುವ ಸುರುಳಿ ಮಾತ್ರ ಅಂಟುನೂಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅರಗಳು ಹಾಸು, ಸುರುಳಿ ಹೊಕ್ಕು. ಜೇಡದ ಹೊಟ್ಟೆಯೊಳಗೆ ಈ ನೂಲು ನೂಲಾಗಿರುವುದಿಲ್ಲ. ನೀರಿನಲ್ಲಿ ಕರಗಿದ ಗಟ್ಟಿಯಾದ ಅಂಬಲಿಯಂತಿರುತ್ತದೆ. ಹೊರಗೆ ಎಳೆಯುವಾಗ, ನಾಳದಲ್ಲಿ ಬರುತ್ತಿರುವಾಗಲೇ, ಅದರಲ್ಲಿನ ನೀರಿನ ದೊಡ್ಡ ಪಾಲನ್ನು ದೇಹ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೂಲನ್ನು ಕೊಡುತ್ತದೆ, ನೀರನ್ನು ಕೈಬಿಡುವುದಿಲ್ಲ. ಖಜಾನೆ ಕಾಯುವವನಿಗೆ ಇದಕ್ಕಿಂತ ಬೇರೆ ಬುದ್ಧಿ ಹೇಳಿಕೊಡಬೇಕಾಗಿಲ್ಲ.

ಅಂಟುಸುರುಳಿಯ ಮೇಲೆ ಲೇಪಿಸಿದ ಅಂಟಿನಲ್ಲಿ ಗಾಳಿಯ ತೇವವನ್ನು ಎಳೆದುಕೊಳ್ಳುವ ಕೆಲವು ಪದಾರ್ಥಗಳಿವೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು, ಬೆಲ್ಲ ತಾವಾಗಿಯೇ ಒದ್ದೆಯಾಗುವುದಿಲ್ಲವೆ, ಅದೇ ಗುಣ ಇವಕ್ಕೂ ಇದೆ. ಬಲೆ ಹಾಕಿದಾಗ ಅಂಟು ನೂಲಿನ ಸುತ್ತ ಒಂದೇ ಸಮನೆ ಹರಡಿರುತ್ತದೆ. ಗಾಳಿಯಿಂದ ನೀರು ಕುಡಿದು, ಉಬ್ಬಿ, ಅದು ಮಣಿ ಮಣಿಯಾಗಿ ಒಡೆದು, ದಾರಕ್ಕೆ ಪೋಣಿಸಿದ ಮುತ್ತುಗಳಂತೆ ಸಾಲಾಗಿ ನಿಲ್ಲುತ್ತದೆ. ವೋಲ್ರಾತ್ ಮತ್ತು ಎಡ್ಮಂಡ್ಸ್ ಎಂಬುವರು 1989ರಲ್ಲಿ ತೋರಿಸಿದ ಪ್ರಕಾರ, ಈ ನೀರಿನಿಂದಲೇ ಅಂಟುನೂಲಿಗೆ ಹಿಗ್ಗುವ ಗುಣ ಬರುತ್ತದೆ. ಒಣಗಿಸಿದರೆ ನೂಲು ಬಿರುಸಾಗುತ್ತದೆ. ನೂಲುವ ಖಾತೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೆನಿಸದು. ಗಾಳಿ ಒಣಗಿದ ದಿನ ಹತ್ತಿಯ ಎಳೆ ಪದೇ ಪದೇ ಕಡಿಯುತ್ತದೆ, ಎಳೆ ಕಟ್ಟುವವರಿಗೆ ಬಿಡುವಿಲ್ಲ. ಆ ಕಾರಣಕ್ಕಾಗಿಯೇ ಮಂಜಿನಂತೆ ನೀರು ಚಿಮುಕಿಸಿ ಆ ಖಾತೆಯ ಗಾಳಿಯನ್ನು ತೇವವಾಗಿ ಇಡುತ್ತಾರೆ. ಗಿರಣಿಯವರು ಯಂತ್ರ ಕೂರಿಸಿ ಮಾಡುವುದನ್ನು ಜೇಡ ತನ್ನ ಅಂಟಿನಲ್ಲೇ ಬೆರೆಸಿಟ್ಟಿದೆ.

ಈಗ ಮುಖ್ಯ ಮಾತು. ದುಂಡು ಬಲೆಯ ಜೇಡಗಳಲ್ಲಿ ಅನೇಕವು ಹಳೆಯ ಬಲೆಯನ್ನು ಬಿಸಾಡುವುದಿಲ್ಲ. ಸುತ್ತಿ ಉಂಡೆ ಮಾಡಿ ತಿಂದುಬಿಡುತ್ತವೆ. ಎಷ್ಟೋ ಜಾತಿಗಳಲ್ಲಿ ಇದು ದಿನಕ್ಕೊಮ್ಮೆ ನಡೆಯುವ ಕೆಲಸ. 1971ರಲ್ಲಿ ಪೀಕಾಲ್ ಎಂಬ ವಿಜ್ಞಾನಿ ನೂಲಿಗೆ ಗುರುತು ಹಚ್ಚುವ ವಿಕಿರಣ ಪದಾರ್ಥ ಸೇರಿಸಿ ಪರೀಕ್ಷಿಸಿದಾಗ, ತಿಂದ ಬಲೆಯ ಸರಕಿನಲ್ಲಿ ಬಹುಪಾಲು ಮುಂದಿನ ಬಲೆಯಲ್ಲಿ ಕಾಣಿಸಿಕೊಂಡಿತು. ಅರ್ಧ ಗಂಟೆಯಷ್ಟರಲ್ಲೇ ಹಳೆಯ ನೂಲು ಹೊಸ ನೂಲಾಗಿ ಹೊರಬರಲು ಸಾಧ್ಯವೆಂದೂ ಕಂಡುಬಂದಿತು. ಬಲೆ ತಿನ್ನುವಾಗ ನೂಲೊಂದೇ ಒಳಗೆ ಹೋಗುವುದಿಲ್ಲ. ರಾತ್ರಿಯೆಲ್ಲ ಆ ಮಣಿಗಳು ಗಾಳಿಯಿಂದ ಕೂಡಿಸಿಟ್ಟ ನೀರೂ, ಮೇಲೆ ಬಿದ್ದ ಇಬ್ಬನಿಯೂ ಅದರೊಡನೆ ಹೊಟ್ಟೆ ಸೇರುತ್ತವೆ. ಇದು ಒಟ್ಟು ಜಮೆಯಲ್ಲಿ ಸಣ್ಣ ಪಾಲೇ ಆದರೂ ಬೇಟೆಯಿಲ್ಲದ ದಿನವೂ ಬರುವ ಪಾಲು. ಉಣ್ಣಿಯು ಬಾಯಿಯಿಂದ ಒಂದು ಉಪ್ಪುರಸ ಒಸರಿಸಿ, ಅದು ಗಾಳಿಯ ತೇವವನ್ನು ಹೀರಿದ ಮೇಲೆ ಮತ್ತೆ ನುಂಗುತ್ತದೆ. ಜೇಡ ತಾನು ನೇಯ್ದದ್ದರ ಕೈಯಲ್ಲಿ ಅದೇ ಕೆಲಸ ಮಾಡಿಸುತ್ತದೆ.

ಮುಂಡಕೋಪನಿಷತ್ತಿನಲ್ಲಿ ಜೇಡ ನೂಲನ್ನು ಹೊರಚೆಲ್ಲಿ ಮತ್ತೆ ತನ್ನೊಳಗೇ ತೆಗೆದುಕೊಳ್ಳುವ ಉಪಮೆ ಬರುತ್ತದೆ. ನಾನು ಅದನ್ನು ಬರಿಯ ಕವಿಮಾತು ಎಂದೇ ಎಣಿಸಿದ್ದೆನು. ಬೆಳಗಿನ ಜಾವ ಎದ್ದು ಬಲೆಯನ್ನು ಗಮನಿಸಿದವರು ಯಾರೋ ಹೇಳಿದ ಮಾತೆಂದು ಈಗ ತೋರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಊರ್ಣನಾಭ, ಹೊಕ್ಕುಳಲ್ಲಿ ನೂಲುಳ್ಳದ್ದು, ಎಂದು ಹೆಸರು. ಹೊಕ್ಕುಳು ಎಂಬುದೊಂದು ಸರಿಯಲ್ಲ. ನೂಲು ಬರುವುದು ಹೊಟ್ಟೆಯ ತುದಿಯಲ್ಲಿರುವ ಸಣ್ಣ ಕೊಳವೆಗಳಿಂದ.

ಅಂಟಿಲ್ಲದೆ, ಉಣ್ಣೆಯಂತೆ ನವುರಾದ ಎಳೆಗಳಿಂದ ಬಲೆ ಹೆಣೆಯುವ ಜೇಡಗಳೂ ಇವೆ. ಅಂಥದೊಂದರ ನೂಲನ್ನು ಚೀನದ ವಿಜ್ಞಾನಿಗಳು ಮಂಜಿನಲ್ಲಿಟ್ಟು ನೋಡಿ 2010ರಲ್ಲಿ ಒಂದು ವರದಿ ಬರೆದರು. ಒದ್ದೆಯಾದೊಡನೆ ಆ ಎಳೆ ಅಲ್ಲಲ್ಲಿ ಕದಿರಿನ ಆಕಾರದ ಗಂಟುಗಳಾಗಿ ಮುದುರುತ್ತದೆ, ಗಂಟುಗಳ ನಡುವಿನ ಭಾಗ ತೆಳ್ಳಗೆ ಉಳಿಯುತ್ತದೆ. ತೆಳುಭಾಗದ ಮೇಲೆ ಕೂತ ಸಣ್ಣ ಹನಿಗಳು ತಾವಾಗಿಯೇ ಗಂಟಿನ ಕಡೆಗೆ ಸರಿದು, ಅಲ್ಲಿ ಕೂಡಿ ದೊಡ್ಡ ಹನಿಯಾಗುತ್ತವೆ. ಇದನ್ನು ನೋಡಿ, ಮಂಜಿನಿಂದ ನೀರು ಹಿಡಿಯುವ ಕೃತಕ ದಾರಗಳನ್ನು ಮಾಡುವ ಪ್ರಯತ್ನಗಳೂ ನಡೆದಿವೆ. ಜೇಡ ಕುಡಿಯುವುದಕ್ಕೆಂದೇ ಹೀಗೆ ನೇಯುತ್ತದೆ ಎಂದು ಮಾತ್ರ ನಾವು ಹಿಗ್ಗಿಸಿ ಹೇಳಬಾರದು. ಬಲೆಯ ಮೊದಲ ಕೆಲಸ ಬೇಟೆ. ನೀರು ಅದರ ಮೇಲಾದಾಯ.

ನಮ್ಮ ದೇಶದಲ್ಲಿ ತೋಟ ಬೇಲಿಗಳಲ್ಲಿ ಕಾಣುವ ಒಂದು ಜೇಡ ಬಲೆಯ ನಡುವೆ ಗುಣಾಕಾರದ ಗುರುತಿನಂತೆ ದಪ್ಪ ಬಿಳಿಯ ಪಟ್ಟೆ ನೇಯ್ದು, ಅದರ ಮೇಲೆ ಎರಡೆರಡು ಕಾಲು ಜೋಡಿಸಿಕೊಂಡು ಕೂರುತ್ತದೆ. ಆ ಪಟ್ಟೆ ಏತಕ್ಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ವಾದವಿದೆ. ಇದೇ ಮನೆತನದ ಯುರೋಪಿನ ಒಂದು ಜೇಡವು ಬಲೆಯ ನಡುವಿನ ಬಿಳಿಯ ನೇಯ್ಗೆಗೆ ಬಾಯಿಟ್ಟು ಕುಡಿಯುವಂತೆ ವರ್ತಿಸುವುದನ್ನು ಕೆಲವರು ಕಂಡು ಬರೆದಿದ್ದಾರೆ.

ಜಮೆ ಇಷ್ಟಾಯಿತು. ಖರ್ಚಿನ ಕಡೆ ಜೇಡ ಬಹಳ ಜಿಪುಣ. ಮೈಯ ಹೊರಪದರದ ಮೇಲೆ ಮೇಣದಂಥ ಲೇಪವಿದ್ದು ನೀರು ಆವಿಯಾಗುವುದನ್ನು ತಡೆಯುತ್ತದೆ. ಉಸಿರಾಟಕ್ಕೆ ಅನೇಕ ಜೇಡಗಳಲ್ಲಿ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ಪೊರೆಗಳಿವೆ. ಇದಕ್ಕೆ ಪುಸ್ತಕ ಶ್ವಾಸಕೋಶವೆಂದೇ ಹೆಸರು. ಗಾಳಿ ಒಳಬರಲು ಬಾಗಿಲು ತೆರೆದರೆ ನೀರಿನ ಆವಿ ಹೊರಹೋಗುತ್ತದೆ. ಆದುದರಿಂದ ಸುಮ್ಮನೆ ಕುಳಿತಾಗ ಬಾಗಿಲನ್ನು ಕಿರಿದು ಮಾಡಿರುತ್ತದೆ. ಜೇಡ ಗಂಟೆಗಟ್ಟಲೆ ಅಲುಗದೆ ಕೂರುವುದನ್ನು ಸೋಮಾರಿತನ ಎನ್ನುವವರು ಈ ಲೆಕ್ಕ ನೋಡಬೇಕು. ಬಿಸಿಲಿನ ಹೊತ್ತು ಬಿಲದಲ್ಲಿ, ಎಲೆಯ ಸುರುಳಿಯಲ್ಲಿ, ತೊಗಟೆಯ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಡುವುದೂ ಇದೇ ಕಾರಣದಿಂದ. ದಿಲ್ಲಿಯ ಮೇ ತಿಂಗಳಿನ ಗಾಳಿಯಲ್ಲಿ ನಡುಹಗಲು ಹೊರಗೆ ತಿರುಗಲು ಯಾರಿಗೆ ತಾನೆ ಮನಸ್ಸಾದೀತು?

ಮೂತ್ರದ ವಿಷಯದಲ್ಲಿ ಅದರ ಉಳಿತಾಯ ಇನ್ನೂ ಹೆಚ್ಚಿನದು. ನಾವು ದೇಹದ ಕಸವನ್ನು ನೀರಿನಲ್ಲಿ ಕರಗಿಸಿ ಹೊರಹಾಕುತ್ತೇವೆ; ಅದಕ್ಕೆ ದಿನವೂ ಲೀಟರುಗಟ್ಟಲೆ ನೀರು ಬೇಕು. ಜೇಡದ ಕಸ ಬಹುಮಟ್ಟಿಗೆ ಗ್ವಾನಿನ್ ಎಂಬ, ನೀರಿನಲ್ಲಿ ಕರಗದ ಬಿಳಿಯ ಪದಾರ್ಥ. ಅದನ್ನು ಹೊರಹಾಕಲು ಅತ್ಯಲ್ಪ ನೀರು ಸಾಕು. ಬಲೆಯ ಕೆಳಗಿನ ಗೋಡೆಯ ಮೇಲೆ ಸುಣ್ಣ ಸಿಡಿದಂತೆ ಕಾಣುವ ಚುಕ್ಕೆಗಳು ಇವೇ. ಮೀನಿನ ಮೈಯ ಬೆಳ್ಳಿಹೊಳಪಿಗೆ ಕಾರಣವಾದದ್ದೂ ಇದೇ ಗ್ವಾನಿನ್.

ಈ ಮಾತನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವುಂಟು. ಮೈಮೇಲೆ ಉರಿಯುವ ಗುಳ್ಳೆಗಳೆದ್ದರೆ "ಜೇಡ ಉಚ್ಚೆ ಹೊಯ್ದಿದೆ", "ಜೇಡ ಹರಿದಿದೆ" ಎನ್ನುವುದು ನಮ್ಮ ಜನರಲ್ಲಿ ಕೆಲವರ ವಾಡಿಕೆ. ಉತ್ತರದ ಕಡೆಯವರಲ್ಲಿಯೂ ಈ ನಂಬಿಕೆ ಇದೆ. ನಾವು ಐದು ಜನ ಕೂಡಿ ಬಾಡಿಗೆಗಿದ್ದ ಕೋಣೆಯಲ್ಲಿ ಒಬ್ಬರಿಗೆ ಪಕ್ಕೆಯ ಒಂದೇ ಬದಿಗೆ ಪಟ್ಟಿಯಂತೆ ಗುಳ್ಳೆಗಳೆದ್ದವು. ಜೇಡದ್ದೆಂದು ತಿಳಿದು ಅವರು ಹತ್ತು ದಿನ ಅರಿಶಿನ, ಬೇವು ಹಚ್ಚಿದರು. ಮೂಲೆಯಲ್ಲಿದ್ದ ಜೇಡಗಳನ್ನೆಲ್ಲ ಹುಡುಕಿ ಕೊಂದದ್ದೂ ಆಯಿತು. ಕೊನೆಗೆ ವೈದ್ಯರು ನೋಡಿ ಇದು ಸರ್ಪಸುತ್ತು ಎಂದರು. ಗುಳ್ಳೆ ಒಣಗಿದ ಮೇಲೂ ನೋವು ತಿಂಗಳುಗಟ್ಟಲೆ ಉಳಿದು, ಆ ಮನುಷ್ಯ ರಾತ್ರಿ ಪಾಳಿಯಿಂದ ಬಂದು ಅಂಗಿ ಮೈಗೆ ತಗಲದಂತೆ ಕುಳಿತೇ ನಿದ್ದೆ ಮಾಡುತ್ತಿದ್ದರು. ಸರ್ಪಸುತ್ತು ಹಿಂದೆ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ಸು ಮೈಯಲ್ಲೇ ಅಡಗಿದ್ದು ಮತ್ತೆ ತಲೆಯೆತ್ತುವುದರಿಂದ ಬರುವ ಕಾಯಿಲೆ. ಗುಳ್ಳೆ ಕಾಣಿಸಿದ ಮೂರು ದಿನದೊಳಗೆ ಔಷಧ ತೊಡಗಿದರೆ ಗುಣ ಹೆಚ್ಚು. ಕಣ್ಣಿನ ಬಳಿ ಎದ್ದರಂತೂ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಿತ್ತಳೆ ಮತ್ತು ಕಪ್ಪು ಬಣ್ಣದ, ಇರುವೆಯಂತೆ ಉದ್ದನೆಯ ಒಂದು ಸಣ್ಣ ಜೀರುಂಡೆಯೂ ಉಂಟು. ಅದನ್ನು ಮೈಮೇಲೆ ಹೊಸಕಿದರೆ ಅದರ ರಸ ತಗಲಿದ ಕಡೆಯೆಲ್ಲ ಸುಟ್ಟಂತೆ ಗುಳ್ಳೆಯೇಳುತ್ತದೆ. ಅದು ಮೈಮೇಲೆ ಕೂತರೆ ಊದಿ ಹಾರಿಸಬೇಕು; ಹೊಸಕಿಹೋಗಿದ್ದರೆ ಕೂಡಲೇ ಸಾಬೂನು ಹಚ್ಚಿ ತೊಳೆಯಬೇಕು. ಹನಿ ಹನಿಗೂ ಲೆಕ್ಕ ಇಡುವ ಜೇಡಕ್ಕೆ ನಮ್ಮ ಮೈಮೇಲೆ ಹೊಯ್ಯುವಷ್ಟು ಮೂತ್ರವೇ ಇಲ್ಲ. ಮನೆಯಲ್ಲಿ ಯಾರಾದರೂ ಜೇಡದ ಹೆಸರು ಹೇಳಿ ಮನೆಮದ್ದಿಗೆ ಕುಳಿತರೆ ಈ ಪುಟವನ್ನು ಅವರಿಗೆ ಓದಿ ಹೇಳಿರಿ.

ಖರ್ಚು ಕಡಮೆ ಮಾಡುವ ಇನ್ನೊಂದು ಉಪಾಯ ಕೂಡಿ ಬಾಳುವುದು. ಜೇಡಗಳು ಸಾಮಾನ್ಯವಾಗಿ ಒಂಟಿಗಳು, ಎದುರಿಗೆ ಬಂದದ್ದು ತಮ್ಮ ಜಾತಿಯದಾದರೂ ತಿನ್ನಲು ಹೇಸವು. ಆದರೆ ನಮ್ಮ ಒಣಸೀಮೆಯ ಮುಳ್ಳುಕಂಟಿ, ಬೇಲಿಗಳ ಮೇಲೆ ಕೊಳೆಯಾದ ಹತ್ತಿಯ ಉಂಡೆಯಂತೆ ಗೂಡು ಕಟ್ಟಿ ಹತ್ತಾರು, ಕೆಲವು ಕಡೆ ನೂರಾರು ಒಟ್ಟಿಗೆ ಇರುವ ಒಂದು ಜಾತಿಯುಂಟು. ಕೋಲಾರದ ಆಚೆ, ಆಂಧ್ರದ ಗಡಿಯೊಳಗಿನ ಕುಪ್ಪಂ ಸೀಮೆಯಲ್ಲಿ ಇವುಗಳ ಗೂಡುಗಳನ್ನು ಹೊರದೇಶದ ವಿದ್ವಾಂಸರೂ ಬಂದು ಅಭ್ಯಾಸ ಮಾಡಿದ್ದಾರೆ. ಇವುಗಳ ಕುಲಕ್ಕೇ ಸೇರಿದ ಆಫ್ರಿಕದ ಒಂದು ಜಾತಿಯ ಜೇಡಗಳನ್ನು ಒಣಗಾಳಿಯಲ್ಲಿಟ್ಟು ತೂಗಿ ನೋಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂಟಿಯಾಗಿ ಇಟ್ಟವುಗಳಿಗಿಂತ ಗುಂಪಿನಲ್ಲಿದ್ದವು ತೂಕ ಕಳೆದುಕೊಂಡದ್ದು ಕಡಮೆ. ಕೂಡಿ ತಿನ್ನುವಾಗ ಬೇಟೆಯನ್ನು ಹೀರುವುದೂ ಹೆಚ್ಚು ಚೆನ್ನಾಗಿ ಸಾಗಿತು. ಒಂದು ಕೋಣೆಯ ಬಾಡಿಗೆಯನ್ನು ಐವರು ಹಂಚಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣಾರೆ ನೋಡಬೇಕೆನ್ನುವವರಿಗೆ ಖರ್ಚಿಲ್ಲದ ಒಂದು ದಾರಿ ಹೇಳುತ್ತೇನೆ. ಮೂಲೆಯ ಬಲೆಯೊಂದನ್ನು ಗುಡಿಸದೆ ಬಿಡಿರಿ. ಒಣದಿನದ ಸಂಜೆ, ಶುದ್ಧ ನೀರಿನಲ್ಲಿ ಅದ್ದಿದ ಹಲ್ಲುಜ್ಜುವ ಹಳೆಯ ಬ್ರಷ್ಷಿನ ಕೂದಲನ್ನು ಬೆರಳಿನಿಂದ ಮೀಟಿ ಬಲೆಯ ಅಂಚಿಗೆ ತುಂತುರು ಸಿಡಿಸಿರಿ. ಜೇಡದ ಮೇಲೇ ಹಾಕಬೇಡಿರಿ, ಓಡಿಬಿಡುತ್ತದೆ. ದೀಪ ಸ್ವಲ್ಪ ಮಂದ ಮಾಡಿ ಕಾಯಿರಿ. ಬಾಯಾರಿದ್ದರೆ ಅದು ಎಳೆಗಳನ್ನು ಕಾಲಿನಿಂದ ತಡವುತ್ತ ಬಂದು ಹನಿಯ ಬಳಿ ನಿಂತು ಬಾಯಿಡುತ್ತದೆ, ಹನಿ ನಿಮ್ಮ ಕಣ್ಣೆದುರಿಗೇ ಕುಗ್ಗುತ್ತದೆ. ಬಾಯಾರಿಕೆ ಇಲ್ಲದಿದ್ದರೆ ಬರುವುದಿಲ್ಲ; ಮರುದಿನ ಮತ್ತೆ ನೋಡಿರಿ. ಮಕ್ಕಳಿದ್ದ ಮನೆಯಲ್ಲಿ ಜೇಡವನ್ನು ಕೈಯಿಂದ ಹಿಡಿಯಲು ಬಿಡಬಾರದು.

ಬಚ್ಚಲಿನ ಬಕೀಟಿನಲ್ಲಿ ಬೆಳಿಗ್ಗೆ ದೊಡ್ಡ ಕಂದು ಜೇಡವೊಂದು ಸಿಕ್ಕಿಬಿದ್ದಿರುವುದನ್ನು ಅನೇಕರು ನೋಡಿರುತ್ತಾರೆ. ತೇವ ಅರಸಿಯೋ ಬೇಟೆ ಅರಸಿಯೋ ಬಂದು ಒಳಗಿಳಿದ ಅದಕ್ಕೆ ಪ್ಲಾಸ್ಟಿಕ್ಕಿನ ನುಣುಪು ಗೋಡೆ ಹತ್ತುವುದು ಕಷ್ಟವಾಗಬಹುದು. ಅದನ್ನು ಚಪ್ಪಲಿಯಿಂದ ಹೊಡೆಯುವ ಅಗತ್ಯವಿಲ್ಲ. ಜಿರಳೆ ಹಿಡಿಯುವುದು ಅದರ ಉದ್ಯೋಗ. ಹಳೆಯ ಪಂಚೆಯ ತುಂಡೊಂದನ್ನು ಬಕೀಟಿನ ಅಂಚಿನಿಂದ ಒಳಕ್ಕೆ ಇಳಿಬಿಟ್ಟು, ಬಾಗಿಲು ಮುಂದೆ ಮಾಡಿ ಬನ್ನಿರಿ. ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಅದು ಬಟ್ಟೆ ಹಿಡಿದು ಮೇಲೆ ಬಂದು ತನ್ನ ದಾರಿ ಹಿಡಿದಿರುತ್ತದೆ.